‘ಶಿಕ್ಷೆ ಸಾಲದು’ ಅಂತ ಮೇಲ್ಮನವಿ ಹಾಕೋರು ಯಾರು?

ಸೆಷನ್ಸ್ ಕೋರ್ಟಿನ ಮೆಟ್ಟಿಲ ಮೇಲೆ ಟಿವಿ ಮೈಕುಗಳು ಮುತ್ತಿಕೊಂಡಾಗ ಕೊಲೆಯಾದವರ ಅಪ್ಪನೋ ಅಣ್ಣನೋ ಹೇಳುವ ಮಾತು ಹೆಚ್ಚು ಕಮ್ಮಿ ಒಂದೇ ಇರುತ್ತದೆ: "ಈ ಶಿಕ್ಷೆ ಸಾಲದು, ನಾವು ಹೈಕೋರ್ಟಿಗೆ ಹೋಗ್ತೀವಿ." ಮರುದಿನ ಅದೇ ಸಾಲು ತಲೆಬರಹವಾಗುತ್ತದೆ. ಆದರೆ ನಮ್ಮ ಕಾನೂನಿನ ಪ್ರಕಾರ ಶಿಕ್ಷೆ ಕಡಿಮೆಯಾಯ್ತು ಎಂಬ ಒಂದೇ ಕಾರಣಕ್ಕೆ ಮೇಲ್ಮನವಿ ಹಾಕುವ ಹಕ್ಕು ಆ ಅಪ್ಪನಿಗೂ ಇಲ್ಲ, ಅಣ್ಣನಿಗೂ ಇಲ್ಲ. ಅದು ಇರುವುದು ಸರ್ಕಾರಕ್ಕೆ ಮಾತ್ರ. ಶಿಕ್ಷೆ ಜಾಸ್ತಿಯಾಯ್ತು ಎಂದು ಮೇಲಿನ ಕೋರ್ಟಿಗೆ ಹೋಗುವ ಹಕ್ಕು ಮಾತ್ರ ಅಪರಾಧಿಗೆ ಪೂರ್ತಿಯಾಗಿ ಇದೆ.

ಬಹಳ ಜನ ಇದನ್ನು ತೀರ್ಪು ಬಂದ ಮೇಲೆ, ವಕೀಲರ ಕಚೇರಿಯಲ್ಲಿ ಕೂತಾಗ ಮೊದಲ ಸಲ ಕೇಳುತ್ತಾರೆ. ಕೊಲೆ, ಕೊಲೆಯತ್ನ, ಅತ್ಯಾಚಾರ, ಆಸಿಡ್ ದಾಳಿಯಂಥ ಹಿಂಸೆಯ ಪ್ರಕರಣಗಳಲ್ಲಿ ಶಿಕ್ಷೆಯ ಪ್ರಮಾಣವನ್ನು ಯಾರು, ಎಲ್ಲಿ, ಎಷ್ಟು ದಿನದೊಳಗೆ ಪ್ರಶ್ನಿಸಬಹುದು ಎಂದು ಒಂದೇ ಕಡೆ ಹೇಳುವ ಪ್ರಯತ್ನ ಇದು.

ಕೈಬಿಟ್ಟ ಎರಡು ಪದ

ಮೊದಲು ಈ ವ್ಯತ್ಯಾಸ ಎಲ್ಲಿಂದ ಬಂತು ನೋಡೋಣ. 2009ರ ಕೊನೆಯವರೆಗೂ ಸಂತ್ರಸ್ತರಿಗೆ ಮೇಲ್ಮನವಿಯ ಹಕ್ಕು ಅನ್ನುವುದೇ ಹೆಚ್ಚುಕಡಿಮೆ ಇರಲಿಲ್ಲ. ಪೊಲೀಸ್ ಕೇಸು ಅಂದರೆ ಸರ್ಕಾರ ಮತ್ತು ಆರೋಪಿಯ ನಡುವಿನ ವ್ಯಾಜ್ಯ. ಏಟು ತಿಂದವರು ಅದರಲ್ಲಿ ಬರೀ ಸಾಕ್ಷಿ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ನೇತೃತ್ವದ ಸಮಿತಿ 2003ರಲ್ಲಿ ಕೊಟ್ಟ ವರದಿ ಇದನ್ನು ಬದಲಿಸಲು ಹೇಳಿತು. ಆರೋಪಿಯನ್ನು ಬಿಡುಗಡೆ ಮಾಡಿದರೆ, ಚಿಕ್ಕ ಅಪರಾಧದಡಿ ಮಾತ್ರ ದೋಷಿ ಎಂದರೆ, ಕಡಿಮೆ ಶಿಕ್ಷೆ ಕೊಟ್ಟರೆ, ಕಡಿಮೆ ಪರಿಹಾರ ಕೊಟ್ಟರೆ, ಈ ನಾಲ್ಕೂ ಸಂದರ್ಭದಲ್ಲಿ ಸಂತ್ರಸ್ತರು ಮೇಲ್ಮನವಿ ಹಾಕಬಹುದು ಎಂಬುದು ಅದರ ಶಿಫಾರಸು.

2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿ ಸಿಆರ್‌ಪಿಸಿಯ 372ನೇ ಸೆಕ್ಷನ್ನಿಗೆ ಒಂದು ಉಪವಾಕ್ಯ ಸೇರಿಸಿತು. ಅದರಲ್ಲಿ ಇದ್ದದ್ದು ಮೂರೇ: ಬಿಡುಗಡೆ, ಚಿಕ್ಕ ಅಪರಾಧ, ಕಡಿಮೆ ಪರಿಹಾರ. ‘ಕಡಿಮೆ ಶಿಕ್ಷೆ’ ಎಂಬ ಎರಡು ಪದ ಮಾಯ. ಎಂಜಿನಿಯರಿಂಗ್ ಓದುವಾಗ ಫ್ಲೋಚಾರ್ಟಿನಲ್ಲಿ ಒಂದು ಬಾಣ ಬಿಟ್ಟರೆ ಮೇಷ್ಟ್ರು ಇಡೀ ಹಾಳೆ ಹರಿಯುತ್ತಿದ್ದರು. ಇಲ್ಲಿ ಬಿಟ್ಟ ಬಾಣ ಹಾಗೇ ಉಳಿಯಿತು. 2024ರ ಜುಲೈ 1ರಂದು ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂತು. ಇಡೀ ಕಾನೂನನ್ನೇ ಹೊಸದಾಗಿ ಬರೆಯುವ ಅವಕಾಶ ಸಿಕ್ಕಾಗಲೂ 372 ಹೋಗಿ 413 ಆಯಿತೇ ಹೊರತು ಒಳಗಿನ ಪಟ್ಟಿಯಲ್ಲಿ ಮೂರೇ ಉಳಿದವು.

ಕೋರ್ಟುಗಳು ಇದನ್ನು ಅರ್ಥೈಸಿ ಹಿಗ್ಗಿಸಬಹುದಿತ್ತಲ್ಲ ಅಂದರೆ, ಹಿಗ್ಗಿಸಿಲ್ಲ. ದೆಹಲಿಯಲ್ಲಿ ಮಗನನ್ನು ಅಪಹರಿಸಿ ಕೊಂದ ಪ್ರಕರಣದಲ್ಲಿ ಅಪರಾಧಿಗೆ ಜೀವಾವಧಿ ಬಂತು, ಮರಣದಂಡನೆ ಬೇಕು ಎಂದು ತಂದೆ ಹೈಕೋರ್ಟಿಗೆ ಹೋದರು. ಅಲ್ಲಿ ಅರ್ಜಿಯೇ ನಿಲ್ಲಲಿಲ್ಲ. 2020ರ ಆಗಸ್ಟ್‌ನಲ್ಲಿ ಪರ್ವಿಂದರ್ ಕನ್ಸಲ್ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಮೇಲ್ಮನವಿ ಅನ್ನೋದು ಕಾನೂನು ಬರೆದುಕೊಟ್ಟರೆ ಮಾತ್ರ ಇರುವ ಹಕ್ಕು, ಬರೆಯದೇ ಇದ್ದಿದ್ದನ್ನು ಕೋರ್ಟು ಸೇರಿಸಲಾಗದು ಎಂಬುದು ಅದರ ತಿರುಳು. ವಿಚಿತ್ರ ಅಂದರೆ ಇದೇ ಉಪವಾಕ್ಯವನ್ನು ಸುಪ್ರೀಂ ಕೋರ್ಟ್ ಎರಡು ವರ್ಷ ಮುಂಚೆ ಸಾಕಷ್ಟು ಉದಾರವಾಗಿ ಓದಿತ್ತು. ನಮ್ಮದೇ ರಾಜ್ಯದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ (2018) ಆರೋಪಿ ಬಿಡುಗಡೆಯಾದಾಗ ಸಂತ್ರಸ್ತರು ಹೈಕೋರ್ಟಿನ ವಿಶೇಷ ಅನುಮತಿ ಇಲ್ಲದೆಯೇ ಮೇಲ್ಮನವಿ ಹಾಕಬಹುದು ಎಂದಿತ್ತು. ಅಂದರೆ ಕೊಂದವನು ಪೂರ್ತಿ ಬಿಡುಗಡೆಯಾದರೆ ನೀವು ನೇರವಾಗಿ ಹೋಗಬಹುದು, ದೋಷಿ ಎಂದಾಗಿ ಕಡಿಮೆ ಶಿಕ್ಷೆ ಪಡೆದರೆ ಹೋಗುವ ಹಾಗಿಲ್ಲ.

ಸರ್ಕಾರದ ದಾರಿ

ಶಿಕ್ಷೆ ಹೆಚ್ಚಿಸಿ ಎಂದು ಕೇಳುವ ಸೆಕ್ಷನ್ ಹಳೆಯ ಸಿಆರ್‌ಪಿಸಿಯಲ್ಲಿ 377, ಈಗ ಬಿಎನ್‌ಎಸ್‌ಎಸ್ 418. ರಾಜ್ಯ ಸರ್ಕಾರ ಸರ್ಕಾರಿ ಅಭಿಯೋಜಕರಿಗೆ, ಅಂದರೆ ಪಬ್ಲಿಕ್ ಪ್ರಾಸಿಕ್ಯೂಟರ್‌ಗೆ, ನಿರ್ದೇಶನ ಕೊಡಬೇಕು. ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯಾದರೆ ಸೆಷನ್ಸ್ ಕೋರ್ಟಿಗೆ, ಸೆಷನ್ಸ್ ಕೋರ್ಟಿನದ್ದಾದರೆ ಹೈಕೋರ್ಟಿಗೆ. ನಮ್ಮಲ್ಲಿ ಹೈಕೋರ್ಟ್ ಎಂದರೆ ಜಿಲ್ಲೆ ಯಾವುದು ಅನ್ನುವುದರ ಮೇಲೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ.

ಸಿಬಿಐ ತನಿಖೆ ಮಾಡಿದ ಕೇಸಾದರೆ ಕೇಂದ್ರ ಸರ್ಕಾರದ ನಿರ್ದೇಶನ ಬೇಕು. ಇದರ ಪ್ರಾಯೋಗಿಕ ಪಾಠ ಕೋಲ್ಕತ್ತಾದ ಆರ್‌.ಜಿ. ಕರ್ ಆಸ್ಪತ್ರೆ ಪ್ರಕರಣದಲ್ಲಿ ಸಿಕ್ಕಿತು. 2025ರ ಜನವರಿ 20ರಂದು ಅಪರಾಧಿಗೆ ಜೀವಾವಧಿ ಶಿಕ್ಷೆ ಬಂದ ಕೂಡಲೇ ಪಶ್ಚಿಮ ಬಂಗಾಳ ಸರ್ಕಾರವೂ ಸಿಬಿಐಯೂ ಮರಣದಂಡನೆ ಕೇಳಿ ಹೈಕೋರ್ಟಿಗೆ ಓಡಿದವು. ಫೆಬ್ರವರಿಯಲ್ಲಿ ಕಲ್ಕತ್ತಾ ಹೈಕೋರ್ಟ್ ರಾಜ್ಯದ ಮೇಲ್ಮನವಿಯನ್ನು ತಿರಸ್ಕರಿಸಿ ಸಿಬಿಐಯದ್ದನ್ನು ಮಾತ್ರ ವಿಚಾರಣೆಗೆ ತೆಗೆದುಕೊಂಡಿತು. ಎರಡು ಸರ್ಕಾರಗಳು ನಾ ಮುಂದು ತಾ ಮುಂದು ಎಂದ ಕೇಸು ಇದು. ಟಿವಿಯಲ್ಲಿ ಬಾರದ ನೂರಾರು ಕೇಸುಗಳಲ್ಲಿ ಒಂದು ಸರ್ಕಾರವೂ ಏಳುವುದಿಲ್ಲ ಅನ್ನೋದು ಬೇರೆ ಮಾತು.

ಯಾಕೆ ಏಳುವುದಿಲ್ಲ? ಕಡತ ನಡೆಯುವ ದಾರಿ ನೋಡಿದರೆ ಗೊತ್ತಾಗುತ್ತದೆ. ಕೇಸು ನಡೆಸಿದ ಅಭಿಯೋಜಕರು ಅಭಿಪ್ರಾಯ ಬರೆಯಬೇಕು, ಅದು ಅಭಿಯೋಗ ಇಲಾಖೆಗೆ ಹೋಗಬೇಕು, ಸರ್ಕಾರದ ಆದೇಶ ಆಗಬೇಕು, ಆಮೇಲೆ ಹೈಕೋರ್ಟಿನ ರಾಜ್ಯ ಸರ್ಕಾರಿ ಅಭಿಯೋಜಕರ ಕಚೇರಿಯಲ್ಲಿ ಅರ್ಜಿ ತಯಾರಾಗಬೇಕು. ಬಿಎನ್‌ಎಸ್‌ಎಸ್ 20ನೇ ಸೆಕ್ಷನ್ ಪ್ರಕಾರ 10 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಗೆ ಗುರಿಯಾಗಬಹುದಾದ ಪ್ರಕರಣಗಳ ಮೇಲೆ ಕಣ್ಣಿಡುವುದು, ಮೇಲ್ಮನವಿ ಹಾಕಬೇಕೇ ಎಂದು ಅಭಿಪ್ರಾಯ ಕೊಡುವುದು ಅಭಿಯೋಗ ನಿರ್ದೇಶಕರ ಕೆಲಸ. ಇದಕ್ಕೆಲ್ಲ ಇರುವ ಕಾಲಮಿತಿ ಹೈಕೋರ್ಟಿಗಾದರೆ 60 ದಿನ. ಕಡತ ಒಂದೇ ಮೇಜಿನ ಮೇಲೆ 60 ದಿನ ಮಲಗಿದ ಉದಾಹರಣೆ ಹುಡುಕಲು ನೀವು ವಿಧಾನಸೌಧದವರೆಗೆ ಹೋಗಬೇಕಿಲ್ಲ.

ಹಾಗಂತ ಸರ್ಕಾರ ಹೋದಾಗ ಫಲ ಸಿಕ್ಕಿಲ್ಲ ಎಂದಲ್ಲ. ಕರ್ನಾಟಕ ಸರ್ಕಾರ ವಿರುದ್ಧ ಕೃಷ್ಣಪ್ಪ ಪ್ರಕರಣವನ್ನು ಇವತ್ತಿಗೂ ದೇಶದ ಕೋರ್ಟುಗಳು ಉಲ್ಲೇಖಿಸುತ್ತವೆ. ಏಳೆಂಟು ವರ್ಷದ ಬಾಲಕಿಯ ಮೇಲಿನ ಅತ್ಯಾಚಾರಕ್ಕೆ ವಿಚಾರಣಾ ನ್ಯಾಯಾಲಯ 10 ವರ್ಷ ಕೊಟ್ಟಿತ್ತು. ಹೈಕೋರ್ಟ್ ಅದನ್ನು 4 ವರ್ಷಕ್ಕೆ ಇಳಿಸಿತು. ಕಾರಣಗಳೇನು? ಅನಕ್ಷರಸ್ಥ, ಹಿಂದುಳಿದ ವರ್ಗದವನು, ಕುಡಿತದ ಚಟ ಇದೆ, ಮುದಿ ತಾಯಿ, ಹೆಂಡತಿ, ಮಕ್ಕಳಿದ್ದಾರೆ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2000ದಲ್ಲಿ ಸುಪ್ರೀಂ ಕೋರ್ಟ್ ಮತ್ತೆ 10 ವರ್ಷವನ್ನೇ ಊರ್ಜಿತಗೊಳಿಸಿತು. ಆರೋಪಿಯ ಅಥವಾ ಸಂತ್ರಸ್ತೆಯ ಜಾತಿ, ಧರ್ಮ, ಸಾಮಾಜಿಕ ಸ್ಥಾನ ಇಂಥ ಅಪರಾಧದ ಶಿಕ್ಷೆ ನಿರ್ಧರಿಸುವಾಗ ಲೆಕ್ಕಕ್ಕೆ ಬರಬಾರದು ಎಂದಿತು. ಬೆಂಗಳೂರಿನಲ್ಲಿ 1999ರಲ್ಲಿ ನಡೆದ ಆಸಿಡ್ ದಾಳಿಯ ಪ್ರಕರಣವೂ ಹಾಗೇ. ಜಾಲಹಳ್ಳಿ ಪೊಲೀಸರ ಆ ಕೇಸಿನಲ್ಲಿ ಸರ್ಕಾರ ಹೈಕೋರ್ಟಿಗೆ ಹೋಗಿದ್ದರಿಂದಲೇ 2006ರಲ್ಲಿ ಕೊಲೆಯತ್ನದ ಸೆಕ್ಷನ್ 307ರ ಅಡಿ ಜೀವಾವಧಿ ಶಿಕ್ಷೆ ಬಂತು. ಆಸಿಡ್ ದಾಳಿಗೆ ಕನಿಷ್ಠ 10 ವರ್ಷ ಎಂದು ಪ್ರತ್ಯೇಕ ಸೆಕ್ಷನ್ ಬಂದಿದ್ದು ಆಮೇಲೆ, 2013ರಲ್ಲಿ.

ಸಂತ್ರಸ್ತರ ಕಡೆಯವರು ಗಮನಿಸಬೇಕಾದ ಒಂದು ಅಪಾಯವೂ ಇದೆ. ಶಿಕ್ಷೆ ಹೆಚ್ಚಿಸಿ ಎಂದು ಸರ್ಕಾರ ಹೋದಾಗ ಅಪರಾಧಿಗೆ ನೋಟಿಸ್ ಕೊಟ್ಟು ಅವನ ಮಾತು ಕೇಳಲೇಬೇಕು. ಆಗ ಅವನು ‘ಶಿಕ್ಷೆ ಹೆಚ್ಚಿಸಬೇಡಿ’ ಎನ್ನುವುದಷ್ಟೇ ಅಲ್ಲ, ‘ನಾನು ತಪ್ಪೇ ಮಾಡಿಲ್ಲ, ಬಿಟ್ಟುಬಿಡಿ’ ಎಂದೂ ವಾದಿಸಬಹುದು. ಸಾಕ್ಷ್ಯ ದುರ್ಬಲವಾಗಿದ್ದರೆ ಏಳು ವರ್ಷ ಹದಿನಾಲ್ಕು ಮಾಡಿಸಲು ಹೋಗಿ ಸೊನ್ನೆಯಾಗಬಹುದು.

ಅಪರಾಧಿಯ ದಾರಿ

ಈ ಕಡೆ ದಾರಿ ಅಗಲ. ಸೆಷನ್ಸ್ ಕೋರ್ಟ್ ದೋಷಿ ಎಂದರೆ ಹೈಕೋರ್ಟಿಗೆ ಮೇಲ್ಮನವಿ ಹಾಕುವುದು ಹಕ್ಕು, ಯಾರ ಅನುಮತಿಯೂ ಬೇಡ. ಹಳೆಯ 374, ಈಗಿನ 415. ಅವಧಿ 60 ದಿನ, ಮರಣದಂಡನೆಯಾದರೆ 30. ತೀರ್ಪಿನ ಪ್ರತಿ ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಕಳೆಯುತ್ತಾರೆ. ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿಯನ್ನು ತಕ್ಷಣ, ಪುಕ್ಕಟೆಯಾಗಿ ಕೊಡಬೇಕು. ಹೊರಗೆ ಯಾರೂ ಇಲ್ಲದಿದ್ದರೆ ಪರಪ್ಪನ ಅಗ್ರಹಾರದಲ್ಲೋ ಹಿಂಡಲಗಾದಲ್ಲೋ ಕೂತುಕೊಂಡೇ ಜೈಲಿನ ಅಧಿಕಾರಿಯ ಮೂಲಕ ಮೇಲ್ಮನವಿ ಕಳಿಸಬಹುದು. ಬಂಧನದಲ್ಲಿರುವವರಿಗೆ ಆದಾಯದ ಲೆಕ್ಕವಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.

ಮೇಲ್ಮನವಿ ಹಾಕಿದ ಮಾತ್ರಕ್ಕೆ ಶಿಕ್ಷೆ ನಿಲ್ಲಲ್ಲ. ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಡಿ ಎಂದು ಬೇರೆ ಅರ್ಜಿ ಹಾಕಬೇಕು. 10 ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧವಾಗಿದ್ದರೆ ಸರ್ಕಾರಿ ಅಭಿಯೋಜಕರಿಗೆ ಲಿಖಿತವಾಗಿ ಆಕ್ಷೇಪಿಸಲು ಅವಕಾಶ ಕೊಟ್ಟೇ ಕೋರ್ಟ್ ತೀರ್ಮಾನಿಸಬೇಕು.

ಅಪರಾಧಿಗಳ ಕಡೆಯವರು ಕೇಳುವ ಸಾಮಾನ್ಯ ಪ್ರಶ್ನೆ: "ಮೇಲೆ ಹೋದ್ರೆ ಶಿಕ್ಷೆ ಜಾಸ್ತಿ ಆಗ್ಬಿಟ್ರೆ?" ಆಗಲ್ಲ. ಅಪರಾಧಿ ಮಾತ್ರ ಮೇಲ್ಮನವಿ ಹಾಕಿದ್ದರೆ ಆ ಮೇಲ್ಮನವಿಯಲ್ಲಿ ಕೋರ್ಟ್ ಶಿಕ್ಷೆಯ ಸ್ವರೂಪ ಬದಲಿಸಬಹುದು, ಇಳಿಸಬಹುದು, ಏರಿಸುವಂತಿಲ್ಲ. ಕೆಲವು ಹೈಕೋರ್ಟುಗಳು ಪಕ್ಕದ ಬಾಗಿಲಿಂದ, ಅಂದರೆ ಸ್ವಯಂಪ್ರೇರಿತ ರಿವಿಷನ್ ಅಧಿಕಾರ ಬಳಸಿ, ಏರಿಸಿದ್ದುಂಟು. 2025ರ ಜೂನ್‌ನಲ್ಲಿ ತಮಿಳುನಾಡಿನ ನಾಗರಾಜನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಆ ಬಾಗಿಲನ್ನೂ ಹಾಕಿತು. ಮೇಲ್ಮನವಿ ಹಾಕಿದ ಕಾರಣಕ್ಕೆ ಒಬ್ಬ ಮನುಷ್ಯ ಮೊದಲಿಗಿಂತ ಕೆಟ್ಟ ಸ್ಥಿತಿಗೆ ಇಳಿಯಬಾರದು ಎಂಬುದು ಅದರ ನಿಲುವು. ಸರಿಯಾದ ಮಾತೇ. ಸರ್ಕಾರವೂ ತನ್ನ ಮೇಲ್ಮನವಿ ಹಾಕಿದ್ದರೆ ಮಾತ್ರ ಲೆಕ್ಕ ಬೇರೆ.

ಕೊಲೆ ಕೇಸಿನಲ್ಲಿ ಜಗಳ ಸೆಕ್ಷನ್ನಿನದ್ದು

ಕೊಲೆಗೆ ಕನಿಷ್ಠ ಶಿಕ್ಷೆಯೇ ಜೀವಾವಧಿ. ಐಪಿಸಿ 302 ಇರಲಿ, ಭಾರತೀಯ ನ್ಯಾಯ ಸಂಹಿತೆಯ 103 ಇರಲಿ, ಜೀವಾವಧಿ ಇಲ್ಲವೇ ಮರಣದಂಡನೆ, ಮೂರನೆಯದಿಲ್ಲ. ಹಾಗಾಗಿ "ಕೊಲೆ ಮಾಡಿದ್ದು ನಿಜ, ಆದರೆ 10 ವರ್ಷಕ್ಕೆ ಇಳಿಸಿ" ಎಂಬ ಮೇಲ್ಮನವಿಗೆ ಅರ್ಥವಿಲ್ಲ. ಇಳಿಸಬೇಕಾದರೆ ಅಪರಾಧದ ಹೆಸರೇ ಬದಲಾಗಬೇಕು.

ಹೊಲದ ಬದುವಿನ ಜಗಳ ತಗೊಳ್ಳಿ. ಮಾತಿಗೆ ಮಾತು ಬೆಳೆದು ಕೈಯಲ್ಲಿದ್ದ ಸನಿಕೆಯಿಂದ ಒಂದೇ ಏಟು, ಎದುರಿನವನು ಆಸ್ಪತ್ರೆಯಲ್ಲಿ ಸತ್ತ. ಮೊದಲೇ ಯೋಚಿಸಿ ಬಂದದ್ದಲ್ಲ, ಹಠಾತ್ ಹೊಡೆದಾಟ, ಕ್ರೂರವಾಗಿ ಮೇಲಿಂದ ಮೇಲೆ ಹೊಡೆದಿಲ್ಲ. ಇದನ್ನು ಒಪ್ಪಿಸಿದರೆ ಪ್ರಕರಣ ಕೊಲೆಯಿಂದ ‘ಕೊಲೆಯಲ್ಲದ ದಂಡನಾರ್ಹ ನರಹತ್ಯೆ’ಗೆ ಇಳಿಯುತ್ತದೆ. ಐಪಿಸಿ 304, ಈಗಿನ 105. ಅಲ್ಲಿ ಕೊಲ್ಲುವ ಉದ್ದೇಶ ಇತ್ತೆಂದಾದರೆ ಜೀವಾವಧಿ ಅಥವಾ 10 ವರ್ಷದವರೆಗೆ (ಹೊಸ ಕಾನೂನಿನಲ್ಲಿ ಕನಿಷ್ಠ 5), ಸಾಯಬಹುದು ಎಂಬ ಅರಿವು ಮಾತ್ರ ಇತ್ತೆಂದಾದರೆ 10 ವರ್ಷದವರೆಗೆ. ಎಷ್ಟು ಏಟು, ಯಾವ ಆಯುಧ, ದೇಹದ ಯಾವ ಭಾಗ, ಆಯುಧ ಮನೆಯಿಂದ ತಂದದ್ದೋ ಅಲ್ಲೇ ಸಿಕ್ಕಿದ್ದೋ ಎಂಬ ಪ್ರಶ್ನೆಗಳ ಮೇಲೆ ಹೈಕೋರ್ಟಿನಲ್ಲಿ ಗಂಟೆಗಟ್ಟಲೆ ವಾದ ನಡೆಯುವುದು ಇದಕ್ಕೇ.

ಸಂತ್ರಸ್ತರ ಕಡೆಯವರಿಗೂ ಉಪಯೋಗಕ್ಕೆ ಬರುವ ಅಂಶ ಇಲ್ಲೇ ಇದೆ. 103ರ ಬದಲು 105, ಕೊಲೆಯತ್ನದ ಬದಲು ಬರೀ ಗಾಯ ಮಾಡಿದ ಸೆಕ್ಷನ್ ಎಂದು ಕೋರ್ಟ್ ತೀರ್ಮಾನಿಸಿದರೆ ಅದು ‘ಚಿಕ್ಕ ಅಪರಾಧ’. ಅದರ ವಿರುದ್ಧ ಕುಟುಂಬವೇ ನೇರವಾಗಿ ಮೇಲ್ಮನವಿ ಹಾಕಬಹುದು. ತೀರ್ಪಿನ ಕೊನೆಯ ಪುಟದ ವರ್ಷದ ಲೆಕ್ಕ ನೋಡಿ ಸುಮ್ಮನಾಗದೆ, ದೋಷಿ ಎಂದಿದ್ದು ಯಾವ ಸೆಕ್ಷನ್ನಿನಲ್ಲಿ, ಚಾರ್ಜ್‌ಶೀಟಿನಲ್ಲಿ ಇದ್ದದ್ದು ಯಾವುದು ಎಂದು ಹೋಲಿಸಿ ನೋಡಬೇಕು.

ಜೀವಾವಧಿ ಅಂದರೆ 14 ವರ್ಷ ಎಂಬ ನಂಬಿಕೆಯೂ ತಪ್ಪು. ಅದು ಉಸಿರಿರುವವರೆಗಿನ ಶಿಕ್ಷೆ ಎಂದು ಸುಪ್ರೀಂ ಕೋರ್ಟ್ 1961ರ ಗೋಪಾಲ ವಿನಾಯಕ ಗೋಡ್ಸೆ ಪ್ರಕರಣದಲ್ಲೇ ಹೇಳಿದೆ. ಮರಣದಂಡನೆಗೂ ಅವಕಾಶವಿರುವ ಅಪರಾಧದಲ್ಲಿ 14 ವರ್ಷ ತುಂಬುವ ಮುಂಚೆ ಬಿಡುವಂತಿಲ್ಲ ಅನ್ನುವುದಷ್ಟೇ ನಿಯಮ, ತುಂಬಿದ ಮೇಲೆ ಬಿಡಲೇಬೇಕು ಎಂದೇನಿಲ್ಲ. ಮರಣದಂಡನೆ ಮತ್ತು ಮಾಮೂಲಿ ಜೀವಾವಧಿಯ ನಡುವೆ ಇನ್ನೊಂದು ಮೆಟ್ಟಿಲು ಹುಟ್ಟಿದ್ದು ಬೆಂಗಳೂರಿನ ಪ್ರಕರಣದಿಂದ. ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಕುಟುಂಬದ ಮಹಿಳೆಯ ಕೊಲೆಯಲ್ಲಿ ಸ್ವಾಮಿ ಶ್ರದ್ಧಾನಂದ ಎಂಬಾತನಿಗೆ ಮರಣದಂಡನೆಯಾಗಿತ್ತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಿಗೆ ಶಿಕ್ಷೆಯ ಬಗ್ಗೆ ಒಮ್ಮತ ಬರಲಿಲ್ಲ. 2008ರಲ್ಲಿ ಮೂವರ ಪೀಠ ಗಲ್ಲು ತಪ್ಪಿಸಿ, ಬದುಕಿರುವವರೆಗೂ ಬಿಡುಗಡೆಯಿಲ್ಲದ ಜೀವಾವಧಿ ಕೊಟ್ಟಿತು. 2015ರಲ್ಲಿ ಸಂವಿಧಾನ ಪೀಠ ಇದನ್ನು ಒಪ್ಪಿತು, ಆದರೆ ಇಂಥ ಶಿಕ್ಷೆಯನ್ನು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಮಾತ್ರ ಕೊಡಬಹುದು ಎಂದಿತು. ಹಾಗಾಗಿ ಕೊಲೆ ಕೇಸಿನಲ್ಲಿ ಸೆಷನ್ಸ್ ಕೋರ್ಟು "ಸಾಯುವವರೆಗೂ ಬಿಡುಗಡೆ ಇಲ್ಲ" ಎಂದು ಬರೆದಿದ್ದರೆ, ಆ ಒಂದು ಸಾಲನ್ನೇ ಮೇಲ್ಮನವಿಯಲ್ಲಿ ಪ್ರಶ್ನಿಸಬಹುದು.

ಎರಡು ಸಾಲಿನ ವಾದ

ಶಿಕ್ಷೆಯ ಪ್ರಮಾಣದ ಮೇಲ್ಮನವಿಗಳು ಗೆಲ್ಲುವುದು, ಸೋಲುವುದು ಬಹುಮಟ್ಟಿಗೆ ಕೆಳಗಿನ ಕೋರ್ಟಿನಲ್ಲೇ ತೀರ್ಮಾನವಾಗಿರುತ್ತದೆ. ದೋಷಿ ಎಂದ ಮೇಲೆ ಶಿಕ್ಷೆ ಎಷ್ಟು ಎನ್ನುವುದಕ್ಕೆ ಪ್ರತ್ಯೇಕ ವಿಚಾರಣೆ ನಡೆಯಬೇಕು, ಈಗಿನ 258(2). ನಿಜದಲ್ಲಿ ಆಗುವುದೇನು? "ಬಡವ ಸ್ವಾಮಿ, ಹೆಂಡತಿ ಮಕ್ಕಳಿದ್ದಾರೆ, ಮೊದಲನೇ ತಪ್ಪು" ಎಂದು ಆ ಕಡೆಯವರು. "ಗರಿಷ್ಠ ಶಿಕ್ಷೆ ಕೊಡಿ" ಎಂದು ಈ ಕಡೆಯವರು. ಹತ್ತು ನಿಮಿಷದಲ್ಲಿ ಮುಗೀತು. ವೈದ್ಯಕೀಯ ದಾಖಲೆ, ಜೈಲಿನ ನಡತೆ, ಸಂತ್ರಸ್ತರ ಕಣ್ಣು ಹೋಗಿದೆಯೋ ದುಡಿಮೆ ನಿಂತಿದೆಯೋ ಎಂಬ ವಿವರ, ಯಾವುದೂ ಕಡತಕ್ಕೆ ಸೇರುವುದಿಲ್ಲ. ಮರಣದಂಡನೆಯ ಕೇಸುಗಳಿಗೆ ಮಾತ್ರ ಸುಪ್ರೀಂ ಕೋರ್ಟ್ 2022ರ ಮನೋಜ್ ಪ್ರಕರಣದಲ್ಲಿ ಜೈಲಿನ ವರದಿ, ಮಾನಸಿಕ ಮೌಲ್ಯಮಾಪನ ತರಿಸಿಕೊಳ್ಳಬೇಕೆಂದು ಹೇಳಿದೆ. ಉಳಿದವಕ್ಕೆ ಅಂಥ ಕಟ್ಟುಪಾಡಿಲ್ಲ. ಇಂಥ ಅಪರಾಧಕ್ಕೆ ಇಂಥ ಹಂತದಿಂದ ಶುರು ಮಾಡಿ ಎಂಬ ಶಿಕ್ಷಾ ಮಾರ್ಗಸೂಚಿಯೂ ಇಲ್ಲ. ಅದನ್ನೂ ಮಳಿಮಠ ಸಮಿತಿ ಕೇಳಿತ್ತು.

ಮಾರ್ಗಸೂಚಿ ಇಲ್ಲದೆಡೆ ಕಾಲ ತನ್ನ ಕೆಲಸ ಮಾಡುತ್ತದೆ. ಮೇಲ್ಮನವಿ ಹತ್ತು ಹನ್ನೆರಡು ವರ್ಷದ ಮೇಲೆ ವಿಚಾರಣೆಗೆ ಬರುವಾಗ ಇಪ್ಪತ್ತೈದರ ಹುಡುಗ ಮಕ್ಕಳೊಂದಿಗನಾಗಿರುತ್ತಾನೆ. ‘ಈಗಾಗಲೇ ಅನುಭವಿಸಿದ ಅವಧಿಯೇ ಸಾಕು’ ಎಂದು ಬರೆದು, ದಂಡ ಒಂದಿಷ್ಟು ಏರಿಸಿ ಮುಗಿಸುವುದು ಸುಲಭ. ಕೊಲೆಯತ್ನದ ಪ್ರಕರಣವೊಂದರಲ್ಲಿ (ಹಜಾರಾ ಸಿಂಗ್, 2013) ಹೈಕೋರ್ಟ್ ಹೀಗೆ ಇಳಿಸಿದ್ದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿ ಕೆಳಗಿನ ಕೋರ್ಟಿನ ಶಿಕ್ಷೆಯನ್ನೇ ಉಳಿಸಿತು. ಅಲ್ಲಿಗೆ ಹೋದವರು ಏಟು ತಿಂದವರ ಕಡೆಯವರೇ, ಸಂವಿಧಾನದ 136ನೇ ವಿಧಿಯ ವಿಶೇಷ ಅನುಮತಿ ಪಡೆದು. ಆದರೆ ದೆಹಲಿಯವರೆಗೆ ಹೋಗುವ ಶಕ್ತಿ ಎಷ್ಟು ಮನೆಗಳಿಗಿದೆ?

ಇಂಗ್ಲೆಂಡಿನಲ್ಲಿ 1988ರ ಕಾನೂನಿನ ಪ್ರಕಾರ ಗಂಭೀರ ಅಪರಾಧದ ಶಿಕ್ಷೆ ತೀರಾ ಕಡಿಮೆ ಅನಿಸಿದರೆ ಯಾರು ಬೇಕಾದರೂ ಅಟಾರ್ನಿ ಜನರಲ್ ಕಚೇರಿಗೆ ಬರೆಯಬಹುದು, ಅವರು ಒಪ್ಪಿದರೆ ಮೇಲಿನ ಕೋರ್ಟಿಗೆ ಒಯ್ಯುತ್ತಾರೆ. ಕೊನೆಯ ತೀರ್ಮಾನ ಅಲ್ಲೂ ಸರ್ಕಾರದ್ದೇ. ಹಾಗಾಗಿ ಸಂತ್ರಸ್ತರಿಗೆ ಪೂರ್ಣ ಹಕ್ಕು ಕೊಟ್ಟರೆ ಶಿಕ್ಷೆ ಅನ್ನುವುದು ಸೇಡಿನ ಲೆಕ್ಕವಾಗುತ್ತದೆ ಎಂಬ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಕೇಳಲು ಒಂದು ಕಿಟಕಿ, ಉತ್ತರ ಕೊಡಲು ಒಂದು ಗಡುವು, ಇಷ್ಟಾದರೂ ಇರಬೇಕು. ನಮ್ಮಲ್ಲಿ ಎರಡೂ ಇಲ್ಲ.

ಹಾಗಾದರೆ ಮಾಡೋದೇನು

ತೀರ್ಪಿಗೆ ಮುಂಚೆಯೇ, ಕೋರ್ಟಿನ ಅನುಮತಿ ಪಡೆದು ಸರ್ಕಾರಿ ಅಭಿಯೋಜಕರಿಗೆ ನೆರವಾಗಲು ಸ್ವಂತ ವಕೀಲರನ್ನು ಇಟ್ಟುಕೊಳ್ಳಬಹುದು, ಲಿಖಿತ ವಾದವನ್ನೂ ಸಲ್ಲಿಸಬಹುದು. ಶಿಕ್ಷೆಯ ವಿಚಾರಣೆಯ ದಿನ ಆಸ್ಪತ್ರೆ ಬಿಲ್ಲು, ಅಂಗವಿಕಲತೆಯ ಪ್ರಮಾಣಪತ್ರ, ಸಂಬಳ ನಿಂತ ದಾಖಲೆ ಕಡತದಲ್ಲಿರುವಂತೆ ನೋಡಿಕೊಳ್ಳಬೇಕು. ಮುಂದೆ ಹೈಕೋರ್ಟ್ ನೋಡುವುದು ಅದೇ ಕಡತವನ್ನು.

ಶಿಕ್ಷೆ ಸಾಲದು ಅನಿಸಿದರೆ ತೀರ್ಪು ಬಂದ ಮೊದಲ ವಾರದಲ್ಲೇ ಜಿಲ್ಲೆಯ ಸರ್ಕಾರಿ ಅಭಿಯೋಜಕರಿಗೆ ಮತ್ತು ಅಭಿಯೋಗ ನಿರ್ದೇಶಕರಿಗೆ 418ರ ಅಡಿ ಮೇಲ್ಮನವಿ ಹಾಕುವಂತೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅತ್ಯಾಚಾರದ ಪ್ರಕರಣಗಳಲ್ಲಿ ಇಂಥ ಮೇಲ್ಮನವಿಯನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು 2018ರಿಂದ ಕಾನೂನಿದೆ, ಅದನ್ನು ಮನವಿಯಲ್ಲೇ ಬರೆಯಿರಿ. ಸರ್ಕಾರ ಸುಮ್ಮನಿದ್ದರೆ ಹೈಕೋರ್ಟಿನಲ್ಲಿ ರಿವಿಷನ್ ಅರ್ಜಿಯ ದಾರಿ ಇದೆ. ಅದು ಹಕ್ಕಲ್ಲ, ತಪ್ಪನ್ನು ಕೋರ್ಟಿನ ಗಮನಕ್ಕೆ ತರುವ ಕ್ರಮ. ಕೈಗೆತ್ತಿಕೊಳ್ಳುವುದು, ಬಿಡುವುದು ನ್ಯಾಯಮೂರ್ತಿಗಳಿಗೆ ಬಿಟ್ಟದ್ದು. ಪರಿಹಾರ ಕಡಿಮೆಯಾಗಿದ್ದರೆ ಅದಕ್ಕೆ ಮಾತ್ರ 413ರ ಅಡಿ ನೇರ ಮೇಲ್ಮನವಿ ಹಾಕಬಹುದು. ತೀರಿಕೊಂಡವರ ಪರವಾಗಿ ವಾರಸುದಾರರೂ ಹಾಕಬಹುದು.

ವಕೀಲರ ಖರ್ಚು ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. ಹೋಗುವಾಗ ತೀರ್ಪಿನ ದೃಢೀಕೃತ ಪ್ರತಿ ಮತ್ತು ಅದಕ್ಕೆ ಅರ್ಜಿ ಹಾಕಿದ ದಿನಾಂಕದ ರಸೀದಿ ಕೈಯಲ್ಲಿರಲಿ. 60 ದಿನದ ಲೆಕ್ಕ ಹಾಕಲು ಅವರು ಮೊದಲು ಕೇಳುವುದು ಅದನ್ನೇ.